ಕಾಡ್ಗಿಚ್ಚಿನ ನಂತರ ಪೇಗನ್ ವೃತ್ತ ನಡೆಸುವ ಬಗೆ

ಪೇಗನ್ ಎಂದರೆ ನಿಸರ್ಗವನ್ನೇ ಪವಿತ್ರವೆಂದು ಕಾಣುವ ಇಂದಿನ ಪಂಥಗಳವರು. ಅವರು ಸುತ್ತ ನಿಂತು ನಡೆಸುವ ಆಚರಣೆಗೆ ವೃತ್ತ ಎನ್ನುತ್ತಾರೆ. ಅದಕ್ಕಾಗಿ ಸುಟ್ಟ ಕಾಡಿಗೆ ಜನ ಕೈತುಂಬ ಏನಾದರೂ ಹಿಡಿದುಕೊಂಡೇ ಬರುತ್ತಾರೆ: ಹೂವಿನ ಬೀಜದ ಪೊಟ್ಟಣ, ಉಪ್ಪುನೀರು, ಸ್ಫಟಿಕ, ಬಣ್ಣದ ರಿಬ್ಬನ್ನು, ಧೂಪದ ಕಟ್ಟು. ಇವುಗಳಲ್ಲಿ ಹೆಚ್ಚಿನವು ಆ ನೆಲಕ್ಕೆ ಕೆಡುಕನ್ನೇ ಮಾಡುತ್ತವೆ. ಬೆಂಕಿಯ ನಂತರದ ಆಚರಣೆ ನಡೆಸುವವರಿಗೆ ಅರ್ಧ ಕೆಲಸ ಅವನ್ನೆಲ್ಲ ಕಾರಿನಲ್ಲೇ ಬಿಟ್ಟು ಬರುವಂತೆ ಒಪ್ಪಿಸುವುದು. ಬರಿಗೈಯಲ್ಲಿ ಬಂದವರಿಗೆ ಅಳುವುದಕ್ಕೂ ಸಿಟ್ಟಾಗುವುದಕ್ಕೂ ಹೆಸರು ಹೇಳುವುದಕ್ಕೂ ಜಾಗ ಮಾಡಿಕೊಡುವುದು ಉಳಿದರ್ಧ.

ಇಲ್ಲಿ ಹೇಳುವ ಕ್ರಮ ಉತ್ತರ ಕ್ಯಾಲಿಫೋರ್ನಿಯಾದ್ದು. 1980ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲಾದ ರಿಕ್ಲೇಮಿಂಗ್ ಎಂಬ ಪೇಗನ್ ಪರಂಪರೆಯೂ ಅದಕ್ಕೆ ಹತ್ತಿರದ ವಿಕ್ಕಾ ಎಂಬ ಪಂಥದ ಗುಂಪುಗಳೂ ಬಳಸುವ ಚೌಕಟ್ಟು ಸರಳವಾದದ್ದು. ಮೊದಲು ಮನಸ್ಸನ್ನು ನೆಲೆಗೊಳಿಸುತ್ತಾರೆ, ವೃತ್ತ ಹಾಕುತ್ತಾರೆ, ನಾಲ್ಕು ದಿಕ್ಕುಗಳನ್ನೂ ಅವುಗಳ ಭೂತಗಳನ್ನೂ ಕರೆಯುತ್ತಾರೆ (ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು, ನಡುವೆ ಚೇತನ), ನಡುವಿನ ಕೆಲಸ ಮಾಡುತ್ತಾರೆ, ಆಮೇಲೆ ಕರೆದವರನ್ನೆಲ್ಲ ಹಿಮ್ಮುಖ ಕ್ರಮದಲ್ಲಿ ಬೀಳ್ಕೊಟ್ಟು ವೃತ್ತ ಬಿಚ್ಚುತ್ತಾರೆ. ಸಾರ್ವಜನಿಕ ವೃತ್ತಕ್ಕೆ ದೀಕ್ಷೆ ಬೇಕಿಲ್ಲ. ಸಿಲಿಕಾನ್ ವ್ಯಾಲಿಯ ಕನ್ನಡಿಗರೂ ಬಂದು ನಿಲ್ಲಬಹುದು. 2020ರ ಸೆಪ್ಟೆಂಬರ್ 9ರಂದು ನಡುಹಗಲಲ್ಲೇ ಆಕಾಶ ಕಿತ್ತಳೆಗೆ ತಿರುಗಿದ್ದು ಅವರೂ ಕಂಡದ್ದೇ. ಮಾಮೂಲಿ ಹಬ್ಬದ ವೃತ್ತ ನಡೆಸಿ ಅನುಭವವಿರುವ ಗುಂಪು ಕೂಡ ಬೆಂಕಿಯ ನಂತರ ಅದನ್ನೇ ಹಾಗೇ ನಡೆಸಿದರೆ ಎಡವುತ್ತದೆ. ಬಹುಮಟ್ಟಿಗೆ ಎಡವುವ ಜಾಗಗಳನ್ನೇ ಇಲ್ಲಿ ಹೇಳಿದೆ.

ದಿನ ಮತ್ತು ಜಾಗ

ಬೆಂಕಿ ಆರುವ ಮೊದಲೇ ಆಚರಣೆ ಬೇಕೆಂಬ ಒತ್ತಾಯ ಬರುತ್ತದೆ. ಆಗ ಮಾಡುವುದಿದ್ದರೆ ಸುಟ್ಟ ಪ್ರದೇಶದಿಂದ ದೂರ, ಯಾವುದಾದರೂ ಸಭಾಂಗಣದಲ್ಲಿ, ಅರ್ಧ ಗಂಟೆ ಮೀರದಂತೆ ಮಾಡಿ. ನೆಲದ ಮೇಲಿನ ವೃತ್ತ ತೆರವು ಆದೇಶಗಳೆಲ್ಲ ಹಿಂದೆಗೆದ ಮೇಲೆ, ಮೊದಲ ಒಂದೆರಡು ಮಳೆ ಬಿದ್ದ ಮೇಲೆ. ಪೇಗನ್ ಪಂಚಾಂಗದ ಲೆಕ್ಕದಲ್ಲಿ ಅದು ಅಕ್ಟೋಬರ್ 31ರ ಸೋವಿನ್ ಹಬ್ಬಕ್ಕೂ ಫೆಬ್ರವರಿ ಮೊದಲ ವಾರದ ಬ್ರಿಜಿಡ್ ಹಬ್ಬಕ್ಕೂ ನಡುವೆ ಬೀಳುತ್ತದೆ. ಸಾಂಟಾ ರೋಸಾ ಊರಿಗೆ ನುಗ್ಗಿದ ಟಬ್ಸ್ ಬೆಂಕಿ ಹೊತ್ತಿದ್ದು 2017ರ ಅಕ್ಟೋಬರ್ 8ರ ರಾತ್ರಿ, ಪ್ಯಾರಡೈಸ್ ಊರನ್ನು ನುಂಗಿದ ಕ್ಯಾಂಪ್ ಬೆಂಕಿ 2018ರ ನವೆಂಬರ್ 8ರ ಬೆಳಿಗ್ಗೆ. ಎರಡೂ ಸೋವಿನ್‌ನ ಆಸುಪಾಸಿನವು. ಸತ್ತವರನ್ನು ನೆನೆಯುವ ಹಬ್ಬವೇ ಕೈಗೆ ಸಿಕ್ಕಿದ್ದರಿಂದ ಅದರೊಳಗೇ ಇದನ್ನೂ ತುರುಕೋಣ ಅನ್ನಿಸುವುದು ಸಹಜ. ಮೂರು ವಾರದ ಹಿಂದೆ ಮನೆ ಕಳೆದುಕೊಂಡವರಿಗೆ ಆ ಹಬ್ಬದ ಕುಣಿತ, ಮುಖವಾಡ ತಡೆಯುವುದಿಲ್ಲ. ಬೇರೆ ದಿನ ಇಡಿ.

ಹಗಲಲ್ಲೇ ಇಡಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಟಬ್ಸ್‌ನಲ್ಲಿ ಜನ ಓಡಿದ್ದು ನಡುರಾತ್ರಿ. ಅಂಥವರನ್ನು ಕತ್ತಲಲ್ಲಿ ಮತ್ತೆ ಕಾಡಿನ ಅಂಚಿಗೆ ಕರೆತರುವುದು ಬೇಡ. ಬೆಂಕಿ ಬೇಗ ಹಬ್ಬುವ ಹವೆಯಿದೆ ಎಂಬ ರೆಡ್ ಫ್ಲಾಗ್ ಎಚ್ಚರಿಕೆ ಬಂದ ದಿನ ವೃತ್ತ ರದ್ದು. ಮಳೆಯ ಪ್ರವಾಹದ ಮುನ್ಸೂಚನೆ ಇದ್ದ ದಿನವೂ ರದ್ದು. ಎರಡನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2017ರ ಡಿಸೆಂಬರಿನಲ್ಲಿ ಹೊತ್ತಿದ ಥಾಮಸ್ ಬೆಂಕಿ ಬೋಳಿಸಿದ ಗುಡ್ಡಗಳಿಂದ 2018ರ ಜನವರಿ 9ರ ಮಳೆಗೆ ಮಣ್ಣು-ಬಂಡೆಗಳ ರಾಡಿ ಇಳಿದು ಮಾಂಟೆಸಿಟೋದಲ್ಲಿ 23 ಜನ ಸತ್ತರು. ಆದ್ದರಿಂದ ಕಣಿವೆಯ ತಳ, ತೊರೆಯ ಬಾಯಿ, ಸುಟ್ಟ ಇಳಿಜಾರಿನ ಬುಡ ಎಷ್ಟೇ ಚೆಂದವಿದ್ದರೂ ಬೇಡ. ಏಣಿನ ಮೇಲಿನ ಸಮತಟ್ಟು, ಅರ್ಧ ಸುಟ್ಟು ಅರ್ಧ ಉಳಿದ ಅಂಚು, ಹತ್ತಿರದಲ್ಲೇ ರಸ್ತೆ ಇದ್ದರೆ ಸಾಕು.

ಮನೆ ಸುಟ್ಟ ನಿವೇಶನದೊಳಗೆ ವೃತ್ತ ಹಾಕಬೇಡಿ, ಮನೆಯೊಡೆಯರೇ ಕರೆದರೂ. ಮನೆಯ ಬೂದಿ ಕಾಡಿನ ಬೂದಿಯಂಥದ್ದಲ್ಲ. ಅದರಲ್ಲಿ ಆಸ್ಬೆಸ್ಟಾಸ್, ಸೀಸ, ಆರ್ಸೆನಿಕ್ ಇರುತ್ತವೆ. ಕ್ಷಾರ ಹೆಚ್ಚಿ ಒದ್ದೆ ಚರ್ಮವನ್ನು ಸುಡುತ್ತದೆ. ಅಪಾಯಕಾರಿ ವಸ್ತುಗಳನ್ನು ತೆಗೆದು, ಅವಶೇಷ ಸಾಗಿಸಿ, ಮೇಲ್ಮಣ್ಣು ಕೆರೆದು, ಮಣ್ಣಿನ ಪರೀಕ್ಷೆ ಮುಗಿದ ಮೇಲೆ ನೋಡೋಣ. ಕಾಡಿನ ಭಾಗದಲ್ಲಿ ಜಾಗ ಗೊತ್ತುಮಾಡುವಾಗ ತಲೆಯೆತ್ತಿ ಮರಗಳನ್ನೂ ತಲೆತಗ್ಗಿಸಿ ನೆಲವನ್ನೂ ನೋಡಿ. ಬುಡ ಟೊಳ್ಳಾದ ಮರ ಗಾಳಿಯಿಲ್ಲದೆಯೂ ಬೀಳುತ್ತದೆ. ಹತ್ತಿರದ ಅತಿ ಎತ್ತರದ ಸುಟ್ಟ ಮರದ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲುವುದು ನಿಯಮ. ಬೇರು ಸುಟ್ಟು ಹೋದ ಕಡೆ ನೆಲದಡಿ ಪೊಳ್ಳಿರುತ್ತದೆ. ಹಿಂದಿನ ದಿನ ಕೋಲಿನಿಂದ ಕುಟ್ಟುತ್ತ ಇಡೀ ಜಾಗ ಒಮ್ಮೆ ನಡೆದು, ಪೊಳ್ಳು ಸಿಕ್ಕಲ್ಲಿ ಗುರುತಿಡಿ.

ಜಾಗದ ಅಳತೆ ಹೀಗೆ: ಒಬ್ಬರಿಗೆ 75 ಸೆಂಟಿಮೀಟರ್ ಎಂದರೆ 40 ಜನಕ್ಕೆ 30 ಮೀಟರ್ ಸುತ್ತಳತೆ, ಅಂದರೆ ಸುಮಾರು 9.5 ಮೀಟರ್ ಅಡ್ಡಳತೆ. ಹೊರಗೆ ಓಡಾಡಲು ಇನ್ನೆರಡು ಮೀಟರ್ ಬಿಡಿ. 40 ಮೀರಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಎರಡು ವೃತ್ತ ಮಾಡಿ. ಖಾಸಗಿ ಜಮೀನಾದರೆ ಒಪ್ಪಿಗೆ ಕಾಗದದಲ್ಲಿರಲಿ. ರಾಷ್ಟ್ರೀಯ ಅರಣ್ಯದಲ್ಲಿ 75 ಅಥವಾ ಹೆಚ್ಚು ಜನ ಸೇರುವುದಾದರೆ ಪರವಾನಗಿ ಕಡ್ಡಾಯ, ಅದಕ್ಕಿಂತ ಕಡಿಮೆಯಿದ್ದರೂ ಸುಟ್ಟ ಭಾಗಕ್ಕೆ ಪ್ರವೇಶ ನಿಷೇಧ ಜಾರಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿ. ಕಾರುಗಳನ್ನು ಡಾಂಬರಿನ ಮೇಲೆಯೇ ನಿಲ್ಲಿಸಬೇಕು: ಬಿಸಿಯಾದ ಎಕ್ಸಾಸ್ಟ್ ಒಣಹುಲ್ಲಿಗೆ ತಾಗಿದರೆ ಏನಾಗುತ್ತದೆಂದು ಆ ಜನರಿಗೆ ವಿವರಿಸಬೇಕಾಗಿಲ್ಲ.

ತರುವುದು, ತರದಿರುವುದು

ತರಬೇಕಾದ್ದು ಕಡಿಮೆ. ಹೊರಗಿನಿಂದ ತಂದ ಕುಡಿಯುವ ನೀರು ತಲೆಗೆ ಒಂದು ಲೀಟರಿನಂತೆ, ಅದರ ಜೊತೆ ಆಚರಣೆಗೆ ಐದು ಲೀಟರ್. ಸ್ಥಳೀಯ ನಲ್ಲಿ ನೀರನ್ನು ನಂಬಬೇಡಿ. ಸಾಂಟಾ ರೋಸಾದ ಫೌಂಟನ್‌ಗ್ರೋವ್‌ನಲ್ಲೂ ಪ್ಯಾರಡೈಸ್‌ನಲ್ಲೂ ಬೆಂಕಿಯ ನಂತರ ಕೊಳವೆಗಳಲ್ಲಿ ಬೆಂಜೀನ್ ಎಂಬ ವಿಷ ಸಿಕ್ಕಿತ್ತು, ಅದು ಕುದಿಸಿದರೆ ಕಳೆಯುವ ದೋಷವಲ್ಲ. ಎನ್95 ಮುಖಗವಸು ತಲೆಗೊಂದು ಮತ್ತು ಹತ್ತು ಹೆಚ್ಚುವರಿ. ಮುಚ್ಚಿದ ಬೂಟು ಎಲ್ಲರಿಗೂ. ಅಗಲ ಬಾಯಿಯ ಎರಡು ಬೋಗುಣಿ, ಐದಾರು ಮಡಿಸುವ ಕುರ್ಚಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಬೂಟಿನ ಅಡಿ ಉಜ್ಜಲು ಬ್ರಶ್ಶು ಮತ್ತು 70 ಶೇಕಡಾ ಆಲ್ಕೋಹಾಲ್ ಸ್ಪ್ರೇ. ಓಕ್ ಮರಗಳನ್ನು ಕೊಲ್ಲುವ ಫೈಟಾಫ್ತೊರಾ ರೋಗ 1990ರ ದಶಕದಿಂದ ಈ ಕರಾವಳಿಯ ಕಾಡುಗಳಲ್ಲಿದೆ. ಬೂಟಿನ ಕೆಸರಿನಲ್ಲಿ, ನೀರಿನಲ್ಲಿ ಸಾಗುತ್ತದೆ. ಬರುವಾಗಲೂ ಹೋಗುವಾಗಲೂ ಉಜ್ಜಬೇಕು.

ಇದೇ ಕಾರಣಕ್ಕೆ, ಬ್ರಿಜಿಡ್ ಹಬ್ಬದಲ್ಲಿ ರಿಕ್ಲೇಮಿಂಗ್ ಗುಂಪುಗಳು ಮಾಡುವ ಹಾಗೆ ಲೋಕದ ನೀರುಗಳನ್ನೆಲ್ಲ ಒಂದು ಬೋಗುಣಿಯಲ್ಲಿ ಬೆರೆಸುವ ಪದ್ಧತಿಯನ್ನು ಇಲ್ಲಿ ತಿದ್ದಿಕೊಳ್ಳಬೇಕು. ಗಂಗೆ, ಕಾವೇರಿ, ಪೆಸಿಫಿಕ್, ಯಾರದೋ ಅಜ್ಜಿಯ ಬಾವಿ, ಎಲ್ಲ ಬರಲಿ. ಬೆರೆಸಿದ ನೀರು ಬೋಗುಣಿಯಲ್ಲೇ ಉಳಿದು ಮನೆಯ ಚರಂಡಿಗೆ ಹೋಗಬೇಕು, ತೊರೆಗೆ ಬೀಳಬಾರದು. ಶುದ್ಧಿಯ ಉಪ್ಪುನೀರಿಗೂ ಇದೇ ಮಾತು. ಹುಲ್ಲಿಲ್ಲದ ನೆಲಕ್ಕೆ ಉಪ್ಪು ಚೆಲ್ಲಿ ಗುಣವಾಗು ಎನ್ನುವುದರಲ್ಲಿ ಅರ್ಥವಿಲ್ಲ.

ಬೀಜ ಬೇಡವೇ ಬೇಡ. ಇದರ ಮೇಲೆ ಜಗಳವಾಗುತ್ತದೆ, ಸೋಲಬೇಡಿ. ಕಾಡುಹೂಗಳ ಮಿಶ್ರಣ ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಅರ್ಧಕ್ಕರ್ಧ ಬೇರೆ ಕಡೆಯ ಗಿಡ ಇರಬಹುದು. ಹಿಂದೆ ಸರ್ಕಾರಿ ಇಲಾಖೆಗಳೇ ಸುಟ್ಟ ಗುಡ್ಡಗಳ ಮೇಲೆ ವಿಮಾನದಿಂದ ರೈಗ್ರಾಸ್ ಬಿತ್ತಿ, ಅದು ಸ್ಥಳೀಯ ಮೊಳಕೆಗಳನ್ನು ಹಿಂದೊತ್ತಿದ್ದನ್ನು ಕಂಡು ಕೈಬಿಟ್ಟಿವೆ. ಆ ನೆಲದಲ್ಲಿ ಬೀಜ ಆಗಲೇ ಇದೆ. ಸಿಯನೋಥಸ್ ಪೊದೆಯ ಬೀಜ ದಶಕಗಟ್ಟಲೆ ಮಣ್ಣಲ್ಲಿ ಮಲಗಿದ್ದು ಬೆಂಕಿಯ ಕಾವಿಗೆ ಸಿಪ್ಪೆ ಬಿರಿಯುತ್ತದೆ. ವಿಸ್ಪರಿಂಗ್ ಬೆಲ್ಸ್ ಎಂಬ ಹಳದಿ ಹೂವಿನ ಗಿಡಕ್ಕೆ ಹೊಗೆಯೇ ಮೊಳೆಯುವ ಸೂಚನೆ. ನಾಬ್‌ಕೋನ್ ಪೈನ್ ತನ್ನ ಕಾಯಿಯನ್ನು ಅಂಟಿನಿಂದ ಮುಚ್ಚಿಟ್ಟು ಬೆಂಕಿ ಬಂದಾಗಲೇ ತೆರೆಯುತ್ತದೆ. ರೆಡ್‌ವುಡ್, ಮಡ್ರೋನ್, ಬೇ ಮರಗಳು ಬುಡದ ಗಂಟಿನಿಂದ ಚಿಗುರುತ್ತವೆ. 2020ರ ಆಗಸ್ಟಿನಲ್ಲಿ ಬಿಗ್ ಬೇಸಿನ್ ಉದ್ಯಾನದ ಬಹುಭಾಗ ಸುಟ್ಟ ಮೇಲೂ ಅಲ್ಲಿನ ಹಳೆಯ ರೆಡ್‌ವುಡ್‌ಗಳು ಚಿಗುರೊಡೆದವು. ಬೀಜ ತಂದವರಿಗೆ, ಅದನ್ನು ಮನೆಯ ಕುಂಡದಲ್ಲಿ ಹಾಕಿಕೊಳ್ಳಿ ಎನ್ನಿ.

ಬಿಳಿ ಸೇಜ್‌ನ ಧೂಪವೂ ಬೇಡ. ದಕ್ಷಿಣ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಿಗೆ ಪವಿತ್ರವಾದ ಗಿಡವದು, ವ್ಯಾಪಾರಕ್ಕಾಗಿ ಕದ್ದು ಕೊಯ್ಯುವವರ ಕಾಟದಲ್ಲಿದೆ. ಅದಿರಲಿ, ಹೊಗೆಯ ವಾಸನೆ ಒಂದೇ ಸಾಕು, ಸೇರಿದವರಲ್ಲಿ ಕೆಲವರು ಆ ರಾತ್ರಿಗೆ ಮರಳಿಬಿಡುತ್ತಾರೆ. ಊದಿನಕಡ್ಡಿಗೂ ಇದೇ ನಿಯಮ. ಸ್ಫಟಿಕ, ಗಾಜಿನ ಗೋಲಿ, ಭೂತಗನ್ನಡಿಯಂಥವು ಬಿಸಿಲಲ್ಲಿ ಮಸೂರದ ಕೆಲಸ ಮಾಡುವುದರಿಂದ ಬಿಟ್ಟುಹೋಗುವ ಕಾಣಿಕೆಯಾಗಿ ಅವೂ ಸಲ್ಲ.

ವೃತ್ತದ ಕ್ರಮ

ಮುಖ್ಯ ನಿರ್ವಾಹಕರು ಇಬ್ಬರು, ದಿಕ್ಕು ಕರೆಯುವವರು ನಾಲ್ವರು. ಇವರಲ್ಲದೆ ರಿಕ್ಲೇಮಿಂಗ್ ಗುಂಪುಗಳಲ್ಲಿ ಗ್ರೇಸ್ ಎನ್ನುವವರು ಬಂದವರನ್ನು ಸ್ವಾಗತಿಸಿ ಒಳಗಿನವರ ಕಷ್ಟಸುಖ ನೋಡಿಕೊಂಡರೆ, ಡ್ರ್ಯಾಗನ್ ಎನ್ನುವವರು ವೃತ್ತದ ಹೊರಗೆ ನಿಂತು ಗಡಿ ಕಾಯುತ್ತಾರೆ. ಮಾಮೂಲಿ ವೃತ್ತಕ್ಕೆ ಇಬ್ಬರು ಗ್ರೇಸ್ ಸಾಕಾದರೆ ಇಲ್ಲಿ 40 ಜನಕ್ಕೆ ನಾಲ್ವರು ಬೇಕು. ಡ್ರ್ಯಾಗನ್ ಇಬ್ಬರಿಗೆ ಗಾಳಿ, ಮರ, ಫೋನಿನ ಎಚ್ಚರಿಕೆ ನೋಡುವುದೇ ಕೆಲಸ, ಅವರು ಹಾಡಿಗೂ ಸೇರುವುದಿಲ್ಲ. ಒಟ್ಟು 90 ನಿಮಿಷ. ಅದರಲ್ಲಿ ಮೊದಲ ಹತ್ತು ನಿಮಿಷ ಸುರಕ್ಷತೆಯ ಮಾತಿಗೆ: ಹೊರಹೋಗುವ ದಾರಿ ಯಾವುದು, ವೃತ್ತದಿಂದ ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಯಾರೂ ಯಾರನ್ನೂ ಕೇಳದೆ ಮುಟ್ಟುವಂತಿಲ್ಲ. ವೃತ್ತ ಹಾಕಿದ ಮೇಲೆ ಅದರ ಗಡಿಯಲ್ಲಿ ಸಾಂಕೇತಿಕವಾಗಿ ಬಾಗಿಲು ಕೊಯ್ಯದೆ ಯಾರೂ ದಾಟಬಾರದು ಎಂಬ ಹಳೆಯ ಕಟ್ಟುಪಾಡನ್ನು ಇಲ್ಲಿ ಸಡಿಲಿಸಿ, ಒಂದು ಕಡೆ ಬಾಗಿಲನ್ನು ತೆರೆದೇ ಇಡಿ. ಸಿಕ್ಕಿಹಾಕಿಕೊಂಡೆ ಎಂಬ ಭಾವನೆ ಬಂತೆಂದರೆ ಮುಂದಿನ ಯಾವುದೂ ನಡೆಯುವುದಿಲ್ಲ.

ನೆಲೆಗೊಳ್ಳುವಾಗ ಎಲ್ಲ ಕಡೆ ಬಳಸುವ ಚಿತ್ರ ಮರದ್ದು: ಕಾಲು ಬೇರಾಗಲಿ, ತೋಳು ಕೊಂಬೆಯಾಗಲಿ. ಕಣ್ಣೆದುರೇ ಕೊಂಬೆ ಹೊತ್ತಿ ಉರಿದದ್ದನ್ನು ಕಂಡವರಿಗೆ ಅದು ಬೇಡ. ನೆಲದಡಿ ಬದುಕಿರುವ ಬುಡದ ಗಂಟನ್ನಷ್ಟೇ ನೆನೆಯುವಂತೆ ಹೇಳಿ. ಕಣ್ಣು ತೆರೆದೇ ಇರಲಿ. ಪಾದದ ಭಾರ ಎಲ್ಲಿ ಬೀಳುತ್ತಿದೆ ಎಂದು ಗಮನಿಸುತ್ತ ಏಳೆಂಟು ನಿಧಾನ ಉಸಿರು, ಅಷ್ಟೇ.

ದಿಕ್ಕು ಕರೆಯುವುದರಲ್ಲಿ ಅಪಾಯ ಪೂರ್ವದಲ್ಲೇ ಶುರುವಾಗುತ್ತದೆ. ಗಾಳಿಯೇ ಬಾ ಎಂದು ಕರೆಯುವುದು ವಾಡಿಕೆ. ಆದರೆ ಟಬ್ಸ್ ಬೆಂಕಿಯನ್ನು ಗುಡ್ಡ ಹಾರಿಸಿ ಸಾಂಟಾ ರೋಸಾದೊಳಗೆ ತಂದದ್ದು ಈಶಾನ್ಯದಿಂದ ಬೀಸುವ ಡಯಾಬ್ಲೋ ಗಾಳಿ. ಆ ದಿಕ್ಕಿಗೆ ಮುಖ ಮಾಡಿ ಗಾಳಿಯನ್ನು ಕರೆದರೆ ಜನ ಬೆಚ್ಚುತ್ತಾರೆ. ಉಸಿರನ್ನು ಕರೆಯಿರಿ: ಹೊಗೆಯ ವಾರಗಳ ನಂತರ ಮರಳಿ ಸಿಕ್ಕ ಉಸಿರು. ದಕ್ಷಿಣಕ್ಕೆ ಹಚ್ಚದ ಮೇಣದ ಬತ್ತಿ ಒಂದನ್ನು ಇಡಿ. ಬ್ಯಾಟರಿ ದೀಪಕ್ಕಿಂತ ಇದು ಮೇಲು, ಏಕೆಂದರೆ ಹಚ್ಚಬಹುದಾಗಿದ್ದನ್ನು ಹಚ್ಚದೆ ನಿಂತಿದ್ದೇವೆ ಎಂಬುದು ಎಲ್ಲರಿಗೂ ಕಾಣುತ್ತದೆ. ಬೆಂಕಿಯಿಲ್ಲದೆ ಬೆಂಕಿಯನ್ನು ಕರೆಯುವುದು ಹೇಗೆಂದು ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ತಲೆಯ ಮೇಲೆ ಸೂರ್ಯ ಇದ್ದಾನೆ. ಈ ದಿಕ್ಕನ್ನು ಬಿಟ್ಟೇಬಿಡೋಣ ಎನ್ನುವ ಸಲಹೆಯೂ ಬರುತ್ತದೆ. ಬಿಡಬೇಡಿ, ಮೂರೇ ದಿಕ್ಕಿನ ವೃತ್ತದಲ್ಲಿ ಆ ಖಾಲಿ ಜಾಗವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕರೆಯುವವರು ವಾರದ ಮೊದಲೇ ತಾವಾಗಿ ಒಪ್ಪಿದವರಾಗಿರಬೇಕು. ಪಶ್ಚಿಮಕ್ಕೆ ಸಮುದ್ರದ ಮಂಜು, ಉತ್ತರಕ್ಕೆ ಅದೇ ಜಾಗದ ಸುಡದ ಬದಿಯ ಮಣ್ಣು ಒಂದು ಬೊಗಸೆ. ಬೇರೆ ಊರಿನ ಮಣ್ಣು ತರಬೇಡಿ, ರೋಗದ ಮಾತು ನೆನಪಿರಲಿ.

ಪೂರ್ವಜರನ್ನು ಕರೆಯುವ ಮುನ್ನ ನೆಲದ ಜನರ ಮಾತು ಬರುತ್ತದೆ. ಪ್ಯಾರಡೈಸ್ ಕಾಂಕೌ ಮೈದು ಜನರ ನೆಲ. ಸಾಂಟಾ ರೋಸಾ ಇರುವ ಸೊನೋಮಾದಲ್ಲಿ ಪೋಮೋ, ವಾಪೋ, ಕೋಸ್ಟ್ ಮಿವೋಕ್. ಇವರೆಲ್ಲ ತಂಪು ಹೊತ್ತಲ್ಲಿ ಸಣ್ಣ ಬೆಂಕಿ ಕೊಟ್ಟು ಕಾಡನ್ನು ನೋಡಿಕೊಂಡವರು, 1850ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ ಕಾನೂನು ಅವರು ಹುಲ್ಲುಗಾವಲಿಗೆ ಬೆಂಕಿ ಕೊಡುವುದನ್ನು ಅಪರಾಧವಾಗಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಗೂ ಇದೇ ಗತಿಯಾಯಿತು: ಬೇಸಿಗೆಯ ಮೊದಲಿಗೇ ಒಣ ಎಲೆ ಸುಡುವ ಪದ್ಧತಿ ಅಭಯಾರಣ್ಯದ ನಿಯಮಗಳಡಿ ನಿಂತಿತು, ಲಂಟಾನ ಹಬ್ಬಿದ್ದು ಅದರಿಂದಲೇ ಎನ್ನುತ್ತಾರೆ ಸೋಲಿಗರು. ಮೂಲನಿವಾಸಿಗಳ ಹಾಡು, ಗರಿ, ಹೊಗೆಯ ವಿಧಿಗಳನ್ನು ಎರವಲು ತೆಗೆದುಕೊಂಡರೆ ಗೌರವ ಕೊಟ್ಟಂತಾಗುವುದಿಲ್ಲ. ಅವರ ಸಂಸ್ಥೆಗೆ ಮೊದಲೇ ಪತ್ರ ಬರೆದು, ಹೀಗೊಂದು ವೃತ್ತ ಇದೆ, ಮಾಡಬಾರದ್ದು ಏನಾದರೂ ಇದೆಯೇ ಎಂದು ಕೇಳಿ. ಉತ್ತರ ಬಾರದಿದ್ದರೆ ಅದನ್ನೇ ಒಪ್ಪಿಗೆ ಎಂದುಕೊಳ್ಳಬೇಡಿ. ಜನ ಹಾಕುವ ಕಾಣಿಕೆ ಹಣ ಅವರ ಬೆಂಕಿ ನಿರ್ವಹಣೆಯ ಕೆಲಸಕ್ಕೆ ಹೋಗಲಿ.

ನಡುವಿನ ಕೆಲಸ

ಎಲ್ಲರೂ ಒಬ್ಬೊಬ್ಬರಾಗಿ ಮಾತಾಡಲಿ ಎಂದು ಬಿಟ್ಟರೆ ತಲೆಗೆ ಎರಡು ನಿಮಿಷದಂತೆ 80 ನಿಮಿಷ ಹೋಗುತ್ತದೆ, ಕೊನೆಯವರ ಹೊತ್ತಿಗೆ ಯಾರಿಗೂ ಕೇಳುವ ಶಕ್ತಿ ಇರುವುದಿಲ್ಲ. ಇದಕ್ಕೆ ಕಲ್ಲಿನ ಉಪಾಯ ಚೆನ್ನಾಗಿ ನಡೆಯುತ್ತದೆ. ಅಂಗಡಿಯಿಂದ ತಂದು ತೊಳೆದ ನುಣುಪು ಕಲ್ಲು ತಲೆಗೊಂದು. ಎಲ್ಲರೂ ಒಟ್ಟಿಗೇ, ಗೊಣಗುವ ದನಿಯಲ್ಲಿ, ಕಲ್ಲನ್ನು ಬಾಯಿಗೆ ಹತ್ತಿರ ಹಿಡಿದು ಕಳೆದುಕೊಂಡದ್ದನ್ನು ಅದಕ್ಕೆ ಹೇಳುತ್ತಾರೆ. ಐದು ನಿಮಿಷ. ಮನೆ, ನಾಯಿ, ಅಪ್ಪನ ಕಾಗದಪತ್ರ, ಗುಡ್ಡದ ಆ ಒಂದು ಓಕ್. ಆಮೇಲೆ ಸಾಲಾಗಿ ಬಂದು ಕಲ್ಲನ್ನು ನೀರಿನ ಬೋಗುಣಿಗೆ ಇಳಿಸುವಾಗ ಬಯಸಿದವರು ಒಂದೇ ಒಂದು ಹೆಸರನ್ನು ಗಟ್ಟಿಯಾಗಿ ಹೇಳಬಹುದು. ಕಲ್ಲು ಎಸೆಯಬಾರದು, ಇಳಿಸಬೇಕು. ಒಂದು ಬೋಗುಣಿ ತುಂಬಿದರೆ ಇನ್ನೊಂದು. ಅವನ್ನು ಕಾಡಿನಲ್ಲಿ ಬಿಟ್ಟು ಬರುವಂತಿಲ್ಲ. ನಿರ್ವಾಹಕರು ಮನೆಗೆ ಒಯ್ದು ಮುಂದಿನ ವರ್ಷಕ್ಕೆ ಇಡುತ್ತಾರೆ.

ಸಿಟ್ಟಿಗೂ ಜಾಗ ಬೇಕು, ಇದನ್ನು ಹೆಚ್ಚಿನ ಗುಂಪುಗಳು ಮರೆಯುತ್ತವೆ. ಕ್ಯಾಂಪ್ ಬೆಂಕಿಯಲ್ಲಿ 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು. ಹೊತ್ತಿಸಿದ್ದು ಹಳೆಯ ವಿದ್ಯುತ್ ತಂತಿ. 2020ರ ಜೂನ್‌ನಲ್ಲಿ ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿ 84 ಜನರ ಸಾವಿಗೆ ಸಂಬಂಧಿಸಿದ ನರಹತ್ಯೆಯ ಆರೋಪವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಇಂಥ ಕಡೆ ನಿಂತು ಬೆಂಕಿ ಶುದ್ಧಿ ಮಾಡುತ್ತದೆ, ಕಾಡಿಗೆ ಇದು ಬೇಕಿತ್ತು, ಬೂದಿಯಿಂದ ಫೀನಿಕ್ಸ್ ಏಳುತ್ತದೆ ಎಂದು ಯಾರಾದರೂ ಬಾಯಿಬಿಟ್ಟರೆ ವೃತ್ತ ಅಲ್ಲಿಗೆ ಮುರಿಯಿತು. ನಿರ್ವಾಹಕರ ಮಾತುಗಳನ್ನು ಮೊದಲೇ ಬರೆದು, ಬೆಂಕಿಯಲ್ಲಿ ಮನೆ ಕಳೆದುಕೊಂಡ ಒಬ್ಬರಿಗೆ ತೋರಿಸಿ, ಅವರು ಹೊಡೆದುಹಾಕಿದ್ದನ್ನು ವಾದಿಸದೆ ಬಿಡಿ. ಸಿಟ್ಟಿಗೆ ಕಾಲು ಒಳ್ಳೆಯ ದಾರಿ. ಎಲ್ಲರೂ ನಿಂತಲ್ಲೇ ಹೆಜ್ಜೆ ಕುಟ್ಟಲಿ, ಎರಡು ಮೂರು ನಿಮಿಷ. ಬೂದಿ ಏಳದಂತೆ ವೃತ್ತದ ನೆಲಕ್ಕೆ ಮೊದಲೇ ನೀರು ಚಿಮುಕಿಸಿರಬೇಕು.

ಶಕ್ತಿ ಏರಿಸುವ ಹಂತದಲ್ಲಿ ತಮಟೆಯ ವೇಗ ಹೆಚ್ಚಿಸುತ್ತ ಕೂಗಿನ ಶಿಖರಕ್ಕೆ ಒಯ್ಯುವುದು ವಿಕ್ಕಾದ ರೂಢಿ. ಇಲ್ಲಿ ಆ ವೇಗ ಎದೆಬಡಿತವನ್ನು ಭೀತಿಯ ಮಟ್ಟಕ್ಕೆ ಒಯ್ಯುತ್ತದೆ. ನಿಮಿಷಕ್ಕೆ 60ರ ಆಸುಪಾಸಿನಲ್ಲಿ ಒಂದೇ ಲಯ, ಮೇಲೆ ತುಟಿ ಮುಚ್ಚಿದ ಗುಂಯ್ ಎಂಬ ದನಿ ಸಾಕು. ಅದು ತಾನಾಗಿ ಇಳಿಯುತ್ತದೆ. ಇಳಿಯುವಾಗ ಅಂಗೈಯನ್ನು ಬೂದಿಗೆ ಒತ್ತುವ ಬದಲು ಮೊಣಕಾಲಿನ ಮೇಲೆ ಇಡಲಿ. ಯಾರಾದರೂ ಕಣ್ಣು ನೆಟ್ಟು ಮರಗಟ್ಟಿ ನಿಂತರೆ ಗ್ರೇಸ್ ಪಕ್ಕಕ್ಕೆ ಹೋಗಿ ಹೆಸರು ಹಿಡಿದು ಕರೆದು, ಕುರ್ಚಿ ಕೊಟ್ಟು, ತಣ್ಣೀರಿನ ಬಾಟಲಿ ಕೈಗಿಟ್ಟು, ಈಗ ಕಾಣುವ ಮೂರು ವಸ್ತು ಹೇಳಿ ಎಂದು ಕೇಳಬೇಕು. ದೇವಿ ಮೈಮೇಲೆ ಬಂದಿದ್ದಾಳೆ ಎಂದು ಅದನ್ನು ವಿವರಿಸುವವರನ್ನು ದೂರ ಇಡಿ.

ನೆಲಕ್ಕೆ ಕೊಡುವ ಕಾಣಿಕೆ ನೀರು ಮಾತ್ರ, ಅದೂ ಶುದ್ಧ ನೀರು. ಮಣ್ಣು ನೀರು ಹೀರುತ್ತದೆಯೇ ಎಂಬ ಪರೀಕ್ಷೆಯಾಗಿಯೂ ಅದನ್ನು ಬಳಸಬಹುದು. ಕಾಡಿನ ಬದಿಯಲ್ಲಿ, ಕೈಗವಸು ಹಾಕಿಕೊಂಡು, ಬೂದಿಯ ಪದರವನ್ನು ಸರಿಸಿ ಮಣ್ಣು ಕಾಣುವಂತೆ ಮಾಡಿ. ಮಣ್ಣು ಒಣಗಿದ್ದಾಗ ಮಾತ್ರ ಇದು ನಿಜ ಹೇಳುತ್ತದೆ. ಕೆಲವು ಹನಿ ಬಿಟ್ಟು ಎಣಿಸಿ. ಐದು ಸೆಕೆಂಡಿನೊಳಗೆ ಇಂಗಿದರೆ ಸರಿ. ಹನಿ ಮುತ್ತಿನಂತೆ ನಿಂತರೆ, ಎಲೆಕಸದ ಮೇಣದಂಥ ಅಂಶ ಕಾವಿಗೆ ಆವಿಯಾಗಿ ಕೆಳಗಿಳಿದು ಮಣ್ಣಿನ ಕಣಗಳಿಗೆ ಅಂಟಿದೆ ಎಂದರ್ಥ. ಮೇಲ್ಮೈಯಲ್ಲಿ ಇಂಗಿದರೂ ಎರಡು ಮೂರು ಸೆಂಟಿಮೀಟರ್ ಕೆರೆದು ಮತ್ತೆ ನೋಡಿ, ಪದರ ಒಳಗೆ ಅಡಗಿರುತ್ತದೆ. ಎಲ್ಲಿ ನಿಂತಿತು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ ಜಮೀನಿನವರಿಗೆ ಕೊಡಿ.

ಆ ಗುರುತಿನ ಇಳಿಜಾರಿಗೆ ಮಧ್ಯಾಹ್ನ ಊಟದ ನಂತರ ಕೆಲಸ ಇದೆ, ಜಮೀನಿನವರೂ ಅಲ್ಲಿನ ಮಣ್ಣು ಸಂರಕ್ಷಣಾ ಕಚೇರಿಯವರೂ ಒಪ್ಪಿದ್ದರೆ. ಒಣಹುಲ್ಲಿನ ಉರುಳೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 5ರಿಂದ 8 ಸೆಂಟಿಮೀಟರ್ ಆಳದ ಕಾಲುವೆಯಲ್ಲಿ ಕೂರಿಸಿ, 1.2 ಮೀಟರಿಗೊಂದು ಗೂಟ ಹೊಡೆದು, ಎರಡೂ ತುದಿಗಳನ್ನು ತುಸು ಮೇಲಕ್ಕೆ ತಿರುಗಿಸಬೇಕು. ಕಾಲುವೆ ತೋಡದೆ ಮೇಲೆ ಇಟ್ಟರೆ ನೀರು ಅಡಿಯಿಂದ ನುಗ್ಗಿ ಇನ್ನೂ ಆಳ ಕೊರೆಯುತ್ತದೆ. ಮಟ್ಟ ತಪ್ಪಿದರೆ ತಗ್ಗಿನ ತುದಿಯಲ್ಲಿ ನೀರು ಒಟ್ಟುಗೂಡಿ ಹೊಸ ಕೊರಕಲು ಮಾಡುತ್ತದೆ. ಪ್ಲಾಸ್ಟಿಕ್ ಬಲೆಯ ಉರುಳೆಯಲ್ಲಿ ಹಾವುಗಳು ಸಿಕ್ಕಿ ಸಾಯುತ್ತವೆ, ನಾರಿನ ಬಲೆಯದನ್ನೇ ಕೇಳಿ. ಒಳಗೆ ಭತ್ತದ ಹುಲ್ಲು ಇದ್ದರೆ ಒಳ್ಳೆಯದು: ಗದ್ದೆಯ ಕಳೆ ಒಣ ಗುಡ್ಡದಲ್ಲಿ ಬದುಕುವುದಿಲ್ಲ. ವೃತ್ತದಲ್ಲಿ ದಿಕ್ಕು ಕರೆದವರೇ ಮೊದಲ ಗೂಟ ಹೊಡೆಯುವ ಪದ್ಧತಿ ಇಟ್ಟುಕೊಂಡರೆ ವೃತ್ತಕ್ಕೂ ಕೆಲಸಕ್ಕೂ ನಡುವೆ ಜನ ಮನೆಗೆ ಹೊರಡುವುದು ಕಡಿಮೆಯಾಗುತ್ತದೆ.

ದಿಕ್ಕುಗಳನ್ನು ಬೀಳ್ಕೊಡುವುದು ಊಟಕ್ಕೆ ಮೊದಲೇ ಮುಗಿದಿರಬೇಕು, ಉತ್ತರದಿಂದ ಹಿಂದಕ್ಕೆ ಪೂರ್ವದವರೆಗೆ. ಬೆಂಕಿಯನ್ನು ತೊಲಗು ಎಂದು ಅಟ್ಟಬೇಡಿ. ಉಳಿದ ಮೂರಕ್ಕೆ ಹೇಳಿದ ಮಾತನ್ನೇ ಅದಕ್ಕೂ ಹೇಳಿ ಕಳಿಸಿ. ದಕ್ಷಿಣ ಗೋಳಾರ್ಧದಲ್ಲಿ, ಆಸ್ಟ್ರೇಲಿಯಾದಲ್ಲಿ ಇದನ್ನು ಮಾಡುವವರು ಬೆಂಕಿಯನ್ನು ಉತ್ತರಕ್ಕೆ, ಮಣ್ಣನ್ನು ದಕ್ಷಿಣಕ್ಕೆ ಇಟ್ಟು, ಸುತ್ತನ್ನೂ ಅಲ್ಲಿನ ಸೂರ್ಯನ ನಡೆಯಂತೆ ಎಡಮುಖ ಹಾಕುವುದೇ ಹೆಚ್ಚು.

ಮರಳಿ ಬರುವುದು

ಒಂದು ವೃತ್ತಕ್ಕೆ ಮುಗಿಸಬೇಡಿ. ಎರಡನೆಯದು ಮೊದಲ ವಸಂತದಲ್ಲಿ, ಮಾರ್ಚ್ ವಿಷುವದ ಹೊತ್ತಿಗೆ, ಇದಕ್ಕೆ ದಿಕ್ಕು ಕರೆಯುವ ಶಾಸ್ತ್ರವೂ ಬೇಕಿಲ್ಲ. ಬೆಂಕಿಯ ನಂತರ ಮೊಳೆಯುವ ಫೈರ್ ಪಾಪಿ ಹೂ ಅರಳಿದೆಯೇ, ಬುಡದ ಚಿಗುರು ಎಷ್ಟೆತ್ತರ, ಪೈನ್ ಕಾಡಾದರೆ ಕಪ್ಪು ಬೆನ್ನಿನ ಮರಕುಟಿಗ ಬಂದಿದೆಯೇ ಎಂದು ನೋಡುತ್ತ ನಡೆದರೆ ಸಾಕು. ಆ ದಿನದ ಕೆಲಸ ಫ್ರೆಂಚ್ ಬ್ರೂಮ್ ಕೀಳುವುದು. ಹಳದಿ ಹೂವಿನ ಈ ಪರದೇಶಿ ಪೊದೆಯ ಬೀಜ ಬೆಂಕಿಯ ಕಾವಿಗೆ ಒಟ್ಟಿಗೇ ಮೊಳೆತು, ನಾಲ್ಕೈದು ವರ್ಷಕ್ಕೆ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ. ಮಣ್ಣು ಒದ್ದೆಯಿರುವಾಗ ಬೇರು ಸಮೇತ ಸುಲಭವಾಗಿ ಬರುತ್ತದೆ. ಏಪ್ರಿಲ್ ಕಳೆದರೆ ಕಾಂಡ ಮುರಿದು ಬೇರು ಉಳಿದು ಮತ್ತೆ ಚಿಗುರುತ್ತದೆ. ಹೂ ಬಿಡುವ ಮುನ್ನ ಕಿತ್ತದ್ದನ್ನು ಬೇರು ಮೇಲೆ ಮಾಡಿ ಅಲ್ಲೇ ಒಣಗಲು ಬಿಡಬಹುದು. ಕಾಯಿ ಕಟ್ಟಿದ್ದರೆ ಚೀಲಕ್ಕೆ ತುಂಬಿ ಹೊರಗೆ ಸಾಗಿಸಬೇಕು. ಕಿತ್ತ ಜಾಗಕ್ಕೆ ಮರುವರ್ಷವೂ ಬರಬೇಕಾಗುತ್ತದೆ, ಮೊದಲ ಸುತ್ತಿನಲ್ಲಿ ಎಲ್ಲ ಬೀಜವೂ ಮೊಳೆತಿರುವುದಿಲ್ಲ.